ಬೇಳದ ಇನಾಸ

ನಿನಗೆ ಇಷ್ಟದ ಬೇಸ್ ಗಿಟಾರಿನವರು ಯಾರು ಅಂತ ಕೇಳಿದರೆ
ಇನಾಸ ಕ್ರಾಸ್ತ ಒಂದು ಹೆಸರನ್ನೂ ಹೇಳುತ್ತಿರಲಿಲ್ಲ.
ಗೊತ್ತಿದ್ದರಲ್ಲವೇ?
ಕ್ಯಾಸೆಟ್ಟಿನ ಹೊದಿಕೆಯಲ್ಲಿ ಹಾಡಿದವರು, ಬರೆದವರು,
ಕಂಪೆನಿಯ ವಿಳಾಸ, ಬೆಲೆ,
ತೆರಿಗೆ ಪ್ರತ್ಯೇಕ ಅಂತ ಕೂಡ ಇರುತ್ತಿತ್ತು.
ಅಡಿಯಲ್ಲಿ ಗುಂಯ್ ಅಂದವನು ಇರಲಿಲ್ಲ.

ಹಾಗಾಗಿ ಅವನೇ ಹೆಸರಿಟ್ಟಿದ್ದ.
ಜಾರುವವ. ಹೊಟ್ಟೆ ತುಂಬಿದವ.
ಮದರಾಸಿನ ಆ ಎಡಗೈಯವ.
ಎಡಗೈ ಅಂತ ಹೇಗೆ ಗೊತ್ತು ಅಂದರೆ
‘ಕೇಳ್ತದೆ ಮಾರಾಯ್ತಿ’ ಅನ್ನುತ್ತಿದ್ದ.
ಇನ್ನೊಬ್ಬನಿದ್ದ, ಒಂದೇ ಒಂದು ಹಾಡಿನಲ್ಲಿ,
ಎರಡನೇ ಚರಣದ ನಡುವೆ ನಾಲ್ಕು ಮಾತ್ರೆ ಸುಮ್ಮನಿರುವವ.
ಆ ಸುಮ್ಮನಿರುವುದನ್ನು ಮತ್ತೆ ಕೇಳಲಿಕ್ಕೆ ಇನಾಸ
ಟೇಪನ್ನು ಪೆನ್ಸಿಲಿನಲ್ಲಿ ಹಿಂದೆ ಸುತ್ತುತ್ತಿದ್ದ,
ಸೆಲ್ಲು ಉಳಿಯಲಿ ಅಂತ.

ನಾನು ಹಾಡುವವಳು. ಉಪ್ಪಳ, ಕುಂಬಳೆ, ಮಂಜೇಶ್ವರ,
ಮದುವೆಗೆ ಮುನ್ನೂರು, ಊಟ ಬೇರೆ.
ಮೈಕು ನನ್ನದು, ಜರಿ ಸೀರೆ ನನ್ನದು.
ಮೊಗ್ರಾಲಿನ ಅಂದುಂಞಿ ರಿದಮ್ ಪ್ಯಾಡಿನವ,
ಅವನ ಕೈಗೆ ಚಪ್ಪಾಳೆ ಬೀಳುತ್ತಿತ್ತು.
ಇನಾಸ ಹಿಂದೆ, ನೀರಿನ ಡ್ರಮ್ಮಿನ ಪಕ್ಕ,
ಒಂದು ಕಾಲು ತುಸು ಮುಂದೆ,
ಕಿರುಬೆರಳು ಮಾತ್ರ ಮೇಲೆ,
ಬಿಸಿ ಚಾ ಹಿಡಿದವರ ಹಾಗೆ.

ಉಪ್ಪಳದ ಒಂದು ಮದುವೆಯಲ್ಲಿ ಕರೆಂಟು ಹೋಯಿತು.
ಜನರೇಟರಿನವ ಊಟಕ್ಕೆ ಕೂತಿದ್ದ.
ಪ್ಯಾಡು ಸತ್ತಿತು; ಅಂದುಂಞಿ ಕುರ್ಚಿ ಬಡಿದ.
ಚಪ್ಪರದ ಕೊನೆಯವರಿಗೂ ಮುಟ್ಟಬೇಕು ಅಂತ
ನಾನು ಗಂಟಲು ಹರಿಯುವಂತೆ ಕೂಗಿದೆ.
ಎರಡು ಸಾಲು ಮುಗಿಯುವಷ್ಟರಲ್ಲಿ ಓಡುತ್ತಿದ್ದೆವು ಇಬ್ಬರೂ,
ಇಳಿಜಾರಿನಲ್ಲಿ ಬ್ರೇಕು ತುಂಡಾದ ಸೈಕಲ್ಲು.
ತಿರುಗಿ ನೋಡಿದೆ.
ಇನಾಸ ನುಡಿಸುತ್ತಲೇ ಇದ್ದ.
ಯಾರದೋ ಟಾರ್ಚಿನ ಬೆಳಕಲ್ಲಿ, ಸತ್ತ ತಂತಿಯ ಮೇಲೆ,
ಒಬ್ಬರಿಗೂ ಕೇಳಿಸದ್ದನ್ನು,
ಒಂದು ಚೂರೂ ಅವಸರವಿಲ್ಲದೆ.
ಕಿರುಬೆರಳು ಇಳಿಯಿತು. ನಿಂತೆ.
ಎದ್ದಿತು. ಹಾಡಿದೆ.
ಹನ್ನೊಂದು ವರ್ಷ ಹಾಡಿ ಆಗಿತ್ತು ನನಗೆ.
ಉಸಿರು ಎಲ್ಲಿ ತೆಗೆಯುವುದೆಂದು
ಆ ರಾತ್ರಿ ಕಣ್ಣಿನಿಂದ ಕಲಿತೆ.

ಆಮೇಲೆ ಅಂದುಂಞಿ ಬಡಿಯುವುದನ್ನು ಕಡಿಮೆ ಮಾಡಿದ.
ಅವನ ತಂಗಿಯ ಮಗ ಮಕ್ಕಳಿಗೆ ಕೋಲ್ಕಳಿ ಕಲಿಸುತ್ತಾನೆ;
ಕೋಲಿಗೆ ಕೋಲು ತಾಗುವಾಗ ಕೂದಲೆಳೆಯಷ್ಟು ತಡ.
ಕಲೋತ್ಸವದಲ್ಲಿ ಅಂಕ ಕಡಿದರು. ಅವ ತಿದ್ದಿಕೊಳ್ಳಲಿಲ್ಲ.
ಸಿರಿಬಾಗಿಲಿನ ಭಜನೆಗೆ ತಬಲ ನುಡಿಸುವ ವಾಮನ ಮಣಿಯಾಣಿ
ಎಡಗೈಯನ್ನು ಈಗ ತಡೆದು ತಡೆದು ಇಡುತ್ತಾನೆ,
ದೇವರು ಮೊದಲು ಕೂರಲಿ ಎಂಬಂತೆ.
ಇದೊಂದೂ ಇನಾಸನಿಗೆ ಗೊತ್ತಾಗಲಿಲ್ಲ.
ಬೆರಳು ಮರಗಟ್ಟಿದ ಮೇಲೆ ಬೇಳದ ಇಗರ್ಜಿಯಲ್ಲಿ ಗಂಟೆ ಎಳೆಯುತ್ತಿದ್ದ.
ಅದೂ ತಡವೇ ಅಂತ ಪಾದ್ರಿಗಳಿಗೆ ಸಿಟ್ಟಿತ್ತಂತೆ.

ಮೊನ್ನೆ ಕಾಸರಗೋಡಿನ ಹೊಸ ಬಸ್‌ಸ್ಟ್ಯಾಂಡಿನ ಬಳಿ
ಕಾಲೇಜು ಹುಡುಗರ ಬ್ಯಾಂಡು.
ಹಾಡು ನನಗೆ ತಿಳಿಯದ್ದು, ಗದ್ದಲವೇ ಗದ್ದಲ.
ಆದರೆ ಕೈಚೀಲದ ಸ್ಟೀಲು ಡಬ್ಬಿ ಗುಂಯ್ ಅಂತು.
ನೋಡಿದರೆ ಹಿಂದೆ ಒಬ್ಬ ತೆಳ್ಳಗಿನ ಹುಡುಗ,
ಒಂದು ಕಾಲು ಮುಂದೆ. ಕಿರುಬೆರಳು ಮೇಲೆ.
ಮುಗಿಯುವವರೆಗೆ ಎರಡು ಬಸ್ಸು ಬಿಟ್ಟೆ.
ಇದನ್ನು ಯಾರಿಂದ ಕಲಿತೆ ಮಗಾ?
‘ಎಲ್ಲರೂ ಹೀಗೇ ಅಲ್ವಾ ಚೇಚಿ?’

ಹೆಸರು ಹೇಳಿದೆ, ಊರು ಹೇಳಿದೆ.
ಅವನು ಫೋನಿನಲ್ಲಿ ಬರೆದುಕೊಂಡ, ಮಲಯಾಳದಲ್ಲಿ.
ಬೇಳ ಅಂದದ್ದು ವೇಳ ಅಂತ ಬಿದ್ದಿತ್ತು.
ತಿದ್ದಲು ಬಾಯಿ ತೆರೆದೆ. ಬಿಟ್ಟೆ.
ಬದಿಯಡ್ಕದ ಬಸ್ಸು ಹೊರಟೇಬಿಟ್ಟಿತ್ತು,
ಓಡಬೇಕಾಯಿತು,
ಖಾಲಿ ಡಬ್ಬಿ ಮೊಣಕಾಲಿಗೆ ಬಡಿಯುತ್ತ.